ಒಳಬಾಡಿಗೆ ಜಗಳದಲ್ಲಿ ಬೀದಿಗೆ ಬೀಳೋದು ಮೂರನೆಯವರು

ಕುಡುಮಲಕುಂಟೆಯಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ ಆದ ಮೇಲೆ ಈ ಕಡೆಯವರಿಗೆ ಮುಸುಕಿನ ಜೋಳದ ಜೊತೆ ಇನ್ನೊಂದು ಬೆಳೆ ಸಿಕ್ಕಿದೆ. ಬಾಡಿಗೆ ರೂಮು. ಇತ್ತ ಹೊರರಾಜ್ಯದ ಹುಡುಗರು ಕೆಲಸ ಹುಡುಕಿಕೊಂಡು ಬಂದು ನಮ್ಮ ರೂಮು ಸೇರಿದರೆ, ಅತ್ತ ನಮ್ಮ ಹುಡುಗರು ಗೌರಿಬಿದನೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಯಾರದೋ ರೂಮು ಸೇರುತ್ತಾರೆ. ಹಾಗಾಗಿ ನಾವು ಮಾಲೀಕರೂ ಹೌದು, ಬಾಡಿಗೆದಾರರೂ ಹೌದು. ಒಳಬಾಡಿಗೆ ಅನ್ನುವ ತಕರಾರು ಬೆಂಗಳೂರಿನವರದು, ನಮಗೆ ಸಂಬಂಧ ಇಲ್ಲ ಅಂತ ಪಕ್ಕಕ್ಕೆ ಸರಿಸೋ ಹಾಗಿಲ್ಲ.

ಒಳಬಾಡಿಗೆ ಅಂದರೆ ಇಷ್ಟೇ. ಮಾಲೀಕರು ಒಬ್ಬರಿಗೆ ಮನೆ ಕೊಟ್ಟಿರುತ್ತಾರೆ. ಆತ ಅದನ್ನು ಇನ್ನೊಬ್ಬರಿಗೆ ಕೊಟ್ಟು ದುಡ್ಡು ಎಣಿಸುತ್ತಾನೆ. ಹೊಲದಲ್ಲಿ ಗೇಣಿಯೊಳಗೆ ಗೇಣಿ ಇದ್ದ ಹಾಗೆ.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇದು ದಶಕಗಳ ವ್ಯಾಜ್ಯ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಮಾಲೀಕರು ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿರಲಿಲ್ಲ, ಬಾಡಿಗೆದಾರರನ್ನು ಎಬ್ಬಿಸುವಂತೆಯೂ ಇರಲಿಲ್ಲ. ಎಬ್ಬಿಸಲು ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದು ಬೇಕಿತ್ತು. ಅಕ್ರಮ ಒಳಬಾಡಿಗೆ ಅಂಥದ್ದೊಂದು ಕಾರಣ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ 27ನೇ ಕಲಮೂ ಅದೇ ಮಾತು ಹೇಳುತ್ತದೆ: ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಮನೆ ಒಪ್ಪಿಸಿದರೆ ತೆರವು ಮಾಡಿಸಬಹುದು.

ಕಾರಣ ಬೇಕಾದಾಗ ಹುಡುಕುವವರೂ ಇರುತ್ತಾರೆ. ಕಡಿಮೆ ಬಾಡಿಗೆಯ ಹಳೇ ಮನೆಗೆ ಬಾಡಿಗೆದಾರರ ತಂಗಿಯ ಮಗ ಓದಲು ಬಂದು ಕೂತರೆ, "ಇವನು ಒಳಬಾಡಿಗೆದಾರ" ಅಂತ ನೋಟಿಸು. ಇಂಥ ಕಡೆ ಕೋರ್ಟು ಬಾಯಿಮಾತು ನಂಬಿ ಎಬ್ಬಿಸುವುದಿಲ್ಲ. ನೋಡುವುದು ಎರಡು ವಿಷಯ. ಮನೆಯ ಪೂರ್ತಿ ಸ್ವಾಧೀನ ಬೇರೆಯವರ ಕೈಗೆ ಹೋಗಿದೆಯಾ? ಅದಕ್ಕೆ ದುಡ್ಡು ಕೈ ಬದಲಾಗಿದೆಯಾ? ನೆಂಟ ಬಂದು ಇದ್ದ ಮಾತ್ರಕ್ಕೆ ಒಳಬಾಡಿಗೆ ಆಗಲ್ಲ. ಹಾಗಂತ ದುಡ್ಡು ತಗೊಂಡಿದ್ದಕ್ಕೆ ರಸೀದಿ ಇಲ್ಲ ಅಂತ ಯಾರೂ ಪಾರಾಗಲೂ ಆಗಲ್ಲ. ಭಾರತ್ ಸೇಲ್ಸ್ ಮತ್ತು ಎಲ್‌ಐಸಿ ನಡುವಿನ 1998ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಇಂಥ ವ್ಯವಹಾರ ಗುಟ್ಟಾಗಿ ನಡೆಯುತ್ತದೆ, ಆದ್ದರಿಂದ ಸ್ವಾಧೀನ ಬೇರೆಯವರ ಬಳಿ ಇದೆ ಅಂತ ಸಾಬೀತಾದರೆ ದುಡ್ಡಿನ ವಿಷಯವನ್ನು ಕೋರ್ಟು ಊಹಿಸಿಕೊಳ್ಳಬಹುದು. ನಮಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ.

ನಮ್ಮ ತಕರಾರು ಬೇರೆ. ಈ ಕೇಸುಗಳಲ್ಲಿ ಮಾಲೀಕರ ಹಕ್ಕಿನ ಮಾತಾಗುತ್ತದೆ, ಬಾಡಿಗೆದಾರರ ಹಕ್ಕಿನ ಮಾತಾಗುತ್ತದೆ. ಒಳಗೆ ಹೆಂಡತಿ ಮಕ್ಕಳ ಜೊತೆ ಇರುವ ಮೂರನೆಯವರು, ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟಿದವರು, ಅವರ ಗತಿ? ಮಾಲೀಕರ ಲೆಕ್ಕದಲ್ಲಿ ಅವರು ಯಾರೋ ಏನೋ. ದುಡ್ಡು ತಗೊಂಡವನ ಫೋನು ಸ್ವಿಚ್ ಆಫ್.

ಇದರ ದೊಡ್ಡಣ್ಣ ಅಂದರೆ ಭೋಗ್ಯ. ಹೊಲದ ಭೋಗ್ಯ ನಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಮನೆಗೂ ಭೋಗ್ಯ ಇದೆ, ಅಲ್ಲಿ ಅದನ್ನು ಲೀಸ್ ಅಂತಾರೆ. ಒಟ್ಟಿಗೆ ಕೆಲವು ಲಕ್ಷ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರಬಹುದು, ಬಿಡುವಾಗ ಅಸಲು ವಾಪಸ್. ಮಧ್ಯವರ್ತಿಗಳು ಇದರಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ. ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ತಗೊಳ್ಳೋದು, ಅದೇ ಮನೆಯನ್ನು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಟ್ಟಲೆ ಜೇಬಿಗಿಳಿಸೋದು. ನಾಲ್ಕಾರು ತಿಂಗಳು ಮಾಲೀಕರಿಗೆ ಸರಿಯಾಗಿ ಬಾಡಿಗೆ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಮಾಲೀಕರು ಬಾಗಿಲಿಗೆ ಬರುತ್ತಾರೆ. "ನಾವು ಭೋಗ್ಯಕ್ಕಿದ್ದೀವಿ" ಅಂತ ಇವರು, "ನಾನು ಭೋಗ್ಯಕ್ಕೆ ಕೊಟ್ಟೇ ಇಲ್ಲ" ಅಂತ ಅವರು. ಇಬ್ಬರದೂ ಸತ್ಯವೇ. ಇಂಥ ದೂರುಗಳು ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಮತ್ತೆ ಮತ್ತೆ ಹೋಗಿವೆ. ಊರಲ್ಲಿ ಜಮೀನು ಮಾರಿ, ಒಡವೆ ಅಡವಿಟ್ಟು ಭೋಗ್ಯಕ್ಕೆ ಹಾಕಿದವರಿಗೆ ಠಾಣೆಯಲ್ಲಿ ಕೂತರೆ ದುಡ್ಡು ಬರುತ್ತಾ?

ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅಂತ ನಂಬಿ ಕೂರಬೇಡಿ. ಅದು ತನ್ನ ಪಟ್ಟಿಯಲ್ಲಿರುವ ಪ್ರದೇಶಗಳಿಗೆ ಮಾತ್ರ. ಅಲ್ಲೂ ಕಾಯ್ದೆಯ ಲೆಕ್ಕದ ಬಾಡಿಗೆ ದೊಡ್ಡ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಅನ್ವಯಿಸಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಮನೆ ಎಲ್ಲಿದೆ ತೋರಿಸಿ! ಆ ಮಿತಿಯನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದಾರೆ ಅಂದರೆ, ಹೊಸ ಬಾಡಿಗೆದಾರರನ್ನು ಬಾಗಿಲಾಚೆ ನಿಲ್ಲಿಸಿದ್ದಾರೆ ಅಂತಲೇ ಅರ್ಥ. ಈ ಮಿತಿಯನ್ನು ಏರಿಸಬೇಕು, ಒಳಬಾಡಿಗೆ ತೆರವಿನ ಆದೇಶದಲ್ಲಿ ಮೂರನೆಯವರ ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅನ್ನುವುದೂ ಇತ್ಯರ್ಥ ಆಗಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಈ ಕಾಯ್ದೆ ಮುಟ್ಟದ ಕಡೆ ನಡೆಯೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ಕರಾರಿನಲ್ಲಿ ಬೇಡ ಅಂತ ಬರೆದಿಲ್ಲದಿದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು. ಓದಿ ನಮಗೇ ಆಶ್ಚರ್ಯ ಆಯಿತು. ಅದಕ್ಕೇ ಇರಬೇಕು, ಛಾಪಾ ಕಾಗದದ ಕರಾರುಗಳಲ್ಲಿ "ಬೇರೆಯವರಿಗೆ ಕೊಡತಕ್ಕದ್ದಲ್ಲ" ಅನ್ನುವ ಸಾಲು ಸಾಮಾನ್ಯ. ಆದರೆ ಹಳ್ಳಿಯಲ್ಲಿ ಕರಾರೇ ಇರಲ್ಲವಲ್ಲ. ಬರೆದುಕೊಟ್ಟರೆ 1974ರ ಭೂಸುಧಾರಣೆಯಲ್ಲಿ ಜಮೀನು ಹೋದ ಹಾಗೆ ಮನೆಯೂ ಹೋಗುತ್ತದೆ ಅಂತ ಹಿರಿಯರಿಗೆ ಭಯ. ಅದು ಉಳುವವರ ಭೂಮಿಗೆ ಬಂದ ಕಾನೂನು, ಬಾಡಿಗೆ ಮನೆಗೆ ಅಲ್ಲ.

ಫ್ಯಾಕ್ಟರಿ ಸುತ್ತಲಿನ ಊರುಗಳಲ್ಲಿ ರೂಮು ಕೊಡುವವರು ಒಂದು ವಿಷಯ ಯೋಚಿಸಿ. ಕಂಟ್ರಾಕ್ಟರ್ ಒಬ್ಬ ನಿಮ್ಮ ಮನೆ ಹಿಡಿದು ಹತ್ತು ಜನ ಕಾರ್ಮಿಕರನ್ನು ತುಂಬಿ, ಅವರ ಕೂಲಿಯಲ್ಲಿ ಬಾಡಿಗೆ ಮುರಿದುಕೊಂಡು, ನಿಮಗೆ ಕೊಡದೆ ಹೋದ ಅಂದುಕೊಳ್ಳಿ. ಸಿಟ್ಟು ಬರೋದು ಸಹಜ. ಆದರೆ ಹುಡುಗರು ದುಡ್ಡು ಕೊಟ್ಟಾಗಿದೆ. ರಾತ್ರೋರಾತ್ರಿ ಅವರ ಸಾಮಾನು ಹೊರಗೆ ಎಸೆಯೋದು, ಕರೆಂಟು ಕೀಳೋದು ಕಾನೂನಿಗೆ ಒಪ್ಪಲ್ಲ. ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಕೊಡಬೇಕು, ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಬಲವಂತವಾಗಿ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ 6 ತಿಂಗಳೊಳಗೆ ದಾವೆ ಹಾಕಬಹುದು. ಕಂಟ್ರಾಕ್ಟರ್‌ಗೆ ಮನೆ ಕೊಡುವ ದಿನವೇ ಯಾರು ಯಾರು ಇರುತ್ತಾರೆ ಅಂತ ಹೆಸರು ಬರೆಸಿ, ನಿಮ್ಮ ಒಪ್ಪಿಗೆಯನ್ನೂ ಬರೆದು, ಒಂದು ಪ್ರತಿ ಆ ಹುಡುಗರಿಗೂ ಕೊಟ್ಟರೆ ಖರ್ಚೇನಿಲ್ಲ.

ಬೆಂಗಳೂರಿಗೆ ಮಗನನ್ನೋ ಮಗಳನ್ನೋ ಕಳಿಸುವವರು ಕೀ ಕೊಟ್ಟವರೇ ಮಾಲೀಕರು ಅಂದುಕೊಳ್ಳಬೇಡಿ. ತೆರಿಗೆ ರಸೀದಿ ಯಾರ ಹೆಸರಲ್ಲಿದೆ ನೋಡಿ, ಆ ಹೆಸರಿನವರನ್ನೇ ಕಂಡು ಮಾತಾಡಿ, ಅವರ ಸಹಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಭೋಗ್ಯವಾದರೆ ಇನ್ನೂ ಬಿಗಿ: ಒಂದು ವರ್ಷ ಮೀರಿದ ಕರಾರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. "ಅದೆಲ್ಲ ಯಾಕೆ, 11 ತಿಂಗಳಿಗೆ ಬರೆಯೋಣ" ಅನ್ನುವವರ ಕೈಗೆ ಲಕ್ಷಗಳನ್ನು ಇಡಬೇಡಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಮನೆ ಖಾಲಿ ಮಾಡುವ ಮೊದಲು 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಿಮ್ಮ ರೂಮಿನಲ್ಲಿರುವ ಹೊರರಾಜ್ಯದ ಹುಡುಗರಿಗೂ ಈ ನಂಬರ್ ಹೇಳಿ.