ಗಂಡು ಜಾಯಿಕಾಯಿಗೆ ಮದ್ದು ಬೇಡ, ಕಸಿ ಬೇಕು

ಅಡಿಕೆ ತೋಟದ ನಡುವೆ ಜಾಯಿಕಾಯಿ ಎಬ್ಬಿಸುವ ಹುರುಪು ನಮ್ಮ ಸದಸ್ಯರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಹುರುಪಿನ ಬೆನ್ನಿಗೇ ನಿರಾಶೆಯೂ ಬರುತ್ತಿದೆ. ಅದರ ರುಚಿ ಕಂಡವರಲ್ಲಿ ನಾನೂ ಒಬ್ಬ. ಇಪ್ಪತ್ತು ಬೀಜದ ಸಸಿ ತಂದು ನೆಟ್ಟು, ಎಂಟು ವರ್ಷ ನೀರು ಗೊಬ್ಬರ ಕೊಟ್ಟೆ. ಹೂ ಬಿಟ್ಟಾಗ ನೋಡಿದರೆ ಹನ್ನೊಂದು ಗಂಡು! ಸಸಿ ಮಾರಿದವರನ್ನು ಕೇಳಿದ್ದಕ್ಕೆ, "ಅದು ನಿಮ್ಮ ಅದೃಷ್ಟ" ಎಂದರು.

ಅದು ಅದೃಷ್ಟವಲ್ಲ, ಆ ಮರದ ಹುಟ್ಟುಗುಣ. ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇರುತ್ತವೆ. ಕಾಫಿಯ ಒಂದೇ ಹೂವಿನಲ್ಲಿ ಎರಡೂ ಅಂಗಗಳಿವೆ. ಜಾಯಿಕಾಯಿಯಲ್ಲಾದರೋ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಎಲೆ ನೋಡಿ ಹೆಣ್ಣು ಸಸಿ ಆರಿಸಿಕೊಡುತ್ತೇವೆ ಎನ್ನುವವರ ಮಾತನ್ನು ನಂಬಿ ಹಣ ಹಾಕಬಾರದು.

ಈಗ ಹೊಸದೊಂದು ಮಾತು ಕೇಳಿಬರುತ್ತಿದೆ: ಹಾರ್ಮೋನು ಹೊಡೆದರೆ ಗಂಡು ಗಿಡ ಹೆಣ್ಣಾಗುತ್ತದಂತೆ. ಈ ಮಾತಿಗೆ ಬುಡವೇ ಇಲ್ಲವೆನ್ನಲಾಗದು. ಮೈಸೂರಿನಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಎಚ್. ವೈ. ಮೋಹನರಾಮ್ ಅವರು ದೆಹಲಿ ವಿಶ್ವವಿದ್ಯಾಲಯದಲ್ಲಿ ಭಂಗಿ ಗಿಡದ ಮೇಲೆ ಪ್ರಯೋಗ ನಡೆಸಿದರು. ಎಥಿಲೀನ್ ಬಿಡುವ ಎಥ್ರೆಲ್ ಕೊಟ್ಟಾಗ ಗಂಡು ಗಿಡದಲ್ಲಿ ಹೆಣ್ಣು ಹೂ ಬಂದುದನ್ನು 1970ರಲ್ಲಿಯೂ, ಜಿಬ್ಬರೆಲಿನ್ ಕೊಟ್ಟಾಗ ಹೆಣ್ಣು ಗಿಡದಲ್ಲಿ ಗಂಡು ಹೂ ಬಂದುದನ್ನು 1972ರಲ್ಲಿಯೂ ಪ್ರಕಟಿಸಿದರು. ಸೌತೆ ಬಳ್ಳಿಯಲ್ಲೂ ಎಥ್ರೆಲ್ ಹೆಣ್ಣು ಹೂ ಹೆಚ್ಚಿಸುತ್ತದೆ.

ಕಾಫಿ ಬೆಳೆಯುವ ನಮಗೆ ಹಾರ್ಮೋನಿನ ಮಹಿಮೆ ಹೊಸದೇನಲ್ಲ. ಬೇಸಗೆಯಲ್ಲಿ ಮಲಗಿದ ಮೊಗ್ಗು ಹೂಮಳೆ ಬಿದ್ದು ವಾರ ಹತ್ತು ದಿನಗಳಲ್ಲಿ ಅರಳುವುದರ ಹಿಂದೆ ಇಂಥ ರಸಗಳ ಏರಿಳಿತವೇ ಇದೆ. ಮೆಣಸಿನ ಬಳ್ಳಿಯ ತುಂಡಿಗೆ ಬೇರು ಬರಿಸುವ ಪುಡಿಯೂ ಹಾರ್ಮೋನೇ.

ಆದರೆ ಭಂಗಿ, ಸೌತೆಗಳು ಒಂದೇ ಹಂಗಾಮಿನಲ್ಲಿ ಹೂ ಬಿಟ್ಟು ಮುಗಿಯುವ ಗಿಡಗಳು. ಜಾಯಿಕಾಯಿ ತಲೆಮಾರುಗಟ್ಟಲೆ ಬಾಳುವ ಮರ. ಹಾರ್ಮೋನು ಆ ಹೊತ್ತಿನ ಹೂವನ್ನು ಬದಲಿಸೀತೇ ಹೊರತು ಮರದ ಹುಟ್ಟುಗುಣವನ್ನು ಬದಲಿಸದು. ಹೂ ಕಾಯಾಗಿ ಬಲಿಯುವುದಕ್ಕೇ ಸುಮಾರು ಒಂಬತ್ತು ತಿಂಗಳು ಬೇಕು. ವರ್ಷ ವರ್ಷವೂ ಮರವೇರಿ ಸಿಂಪಡಿಸಲು ಆಳೆಲ್ಲಿ, ಹಣವೆಲ್ಲಿ? ಬಾಟಲಿ ಮಾರುವವರು ಜಾಯಿಕಾಯಿಗೆಂದೇ ಮಾಡಿದ ಶಿಫಾರಸನ್ನು ಮೊದಲು ತೋರಿಸಲಿ.

ಅದಕ್ಕಿಂತ ಖಚಿತವಾದ ದಾರಿ ಕಸಿ. ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕುಡಿ ಅಥವಾ ಕಣ್ಣು ತಂದು ಕೂಡಿಸಿದರೆ ಅದು ಹೆಣ್ಣೇ; ನಾಲ್ಕೈದು ವರ್ಷದಲ್ಲೇ ಫಸಲು ಕಾಣಬಹುದು. ನೆಟ್ಟಗೆ ಏಳುವ ಕುಡಿಯಿಂದ ಮಾಡಿದ ಕಸಿ ಮರವಾಗಿ ಏಳುತ್ತದೆ. ಪಕ್ಕದ ಟೊಂಗೆಯದು ಪೊದೆಯಾಗಿ ಹಬ್ಬುತ್ತದೆ. ಅಡಿಕೆ ಸಾಲಿನ ಇಕ್ಕಟ್ಟಿಗೆ ಮೊದಲನೆಯದೇ ಒಳ್ಳೆಯದು. ಎದ್ದು ನಿಂತ ಗಂಡು ಮರವನ್ನೂ ತಲೆ ಕಡಿದು, ಹೊಸ ಚಿಗುರಿಗೆ ಹೆಣ್ಣು ಕಣ್ಣು ಕಟ್ಟಿ ಪರಿವರ್ತಿಸಬಹುದು. ಎಲ್ಲ ಗಂಡನ್ನೂ ಕಡಿಯುವ ಆತುರ ಮಾತ್ರ ಬೇಡ. ಹತ್ತು ಹೆಣ್ಣಿಗೆ ಒಂದು ಗಂಡು ಇರಲೇಬೇಕು.

ಕಸಿ ಗಿಡ ದುಬಾರಿ ಎನ್ನುವವರಿದ್ದಾರೆ. ನಿಜವೇ. ಆದರೆ ಎಂಟು ವರ್ಷದ ಗೊಬ್ಬರ, ಕೂಲಿ, ಜಾಗದ ಲೆಕ್ಕ ಹಾಕಿದವರಿಗೆ ಬೀಜದ ಸಸಿ ಅಗ್ಗವಾಗಿ ಕಾಣದು.

ಆದ್ದರಿಂದ ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ಎರಡು ವಿನಂತಿ. ಸಂಘದ ಮೂಲಕ ಕಸಿ ಗಿಡಗಳನ್ನೇ ವಿತರಿಸಿ, ತಾಯಿಮರ ಯಾವುದು, ಕುಡಿ ನೆಟ್ಟಗಿನದೋ ಪಕ್ಕದ್ದೋ ಎಂಬ ಚೀಟಿಯನ್ನು ಪ್ರತಿ ಗಿಡಕ್ಕೂ ಕಟ್ಟಬೇಕು. ಊರಿಗಿಬ್ಬರು ಯುವಕರಿಗಾದರೂ ಕಸಿ ಕಟ್ಟುವ ತರಬೇತಿ ಕೊಡಿಸಬೇಕು. ಸಣ್ಣ ಹಿಡುವಳಿಯವನಿಗೆ ಎಂಟು ವರ್ಷವೆಂದರೆ ಕಡಿಮೆಯಲ್ಲ. ಕಳೆದುಕೊಂಡರೆ ಅದನ್ನು ಯಾವ ಸಾಲವೂ ಮರಳಿ ಕೊಡದು.