ಕಟ್ಟು ಕೂಸಿಗೆ, ಬೇಳೆ ನಮಗೆ!

ದೇವರಗುಡ್ಡ: ನವರಾತ್ರಿಯಲ್ಲಿ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ಮಳೆ ಹೇಗೆ, ಬೆಳೆ ಹೇಗೆ, ಸರಕಾರ ಉಳಿದೀತೋ ಉರುಳೀತೋ ಎಂದು ಆ ಮಾತಿಗೆ ನಾವು ವರ್ಷವಿಡೀ ಅರ್ಥ ಹಚ್ಚುತ್ತೇವೆ. ಹಚ್ಚಲಿ, ಬ್ಯಾಡ ಅನ್ನೋರು ಯಾರು? ಆದರೆ ಮನೆಯೊಳಗಿನ ಆರು ತಿಂಗಳ ಕೂಸು ದಿನಾ ನುಡಿಯುವ ಕಾರ್ಣಿಕಕ್ಕೆ ಅರ್ಥ ಹಚ್ಚುವವರಿಲ್ಲ. ನಾವು ಉಣ್ಣುವಾಗ ಅದು ನಮ್ಮ ಬಾಯನ್ನೇ ನೋಡುತ್ತದೆ, ಗಂಗಾಳಕ್ಕೆ ಕೈ ಹಾಕುತ್ತದೆ. ಅದರ ನುಡಿ ಇಷ್ಟೇ: ‘ಬರೀ ಹಾಲು ಸಾಲದು, ನನಗೂ ಉಣ್ಣಾಕ ಕೊಡ್ರಿ!’

ರಸ್ತೆ, ಚರಂಡಿ, ಬಸ್ಸಿನ ಬಗ್ಗೆ ಬರೆಯುವ ಈ ಜಾಗದಲ್ಲಿ ಬಾಣಂತಿ ಕೋಣೆಯ ಮಾತೇಕೆ ಎಂದು ಅಂಗಡಿ ಕಟ್ಟೆಯ ಹಿರಿಯರು ಮೂಗು ಮುರಿಯಬಾರದು. ಇದೂ ಊರ ಸುದ್ದಿಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತ ಕಡಿಮೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುವುದು ಇಡೀ ದೇಶದಲ್ಲಿ ನೂರಕ್ಕೆ ಸುಮಾರು 11 ಮಕ್ಕಳಿಗೆ ಮಾತ್ರ. ಜೋಳ, ಗೋವಿನಜೋಳ, ಶೇಂಗಾ ಬೆಳೆಯುವ ನಾಡಿಗೆ ಇದು ಶೋಭೆಯೇ?

ತಾಯಿಯ ಹಾಲಿಗೆ ಸಮನಾದದ್ದು ಇಲ್ಲ, ನಿಜ. ಮೊದಲ ಆರು ತಿಂಗಳು ಅದೊಂದೇ ಸಾಕು, ನೀರೂ ಬೇಡ. ಆದರೆ ಹುಟ್ಟುವಾಗ ಕೂಸು ತಂದ ಕಬ್ಬಿಣದ ಗಂಟು ಆರು ತಿಂಗಳ ಸುಮಾರಿಗೆ ಕರಗುತ್ತದೆ. ಹಾಲಿನಲ್ಲಿ ಕಬ್ಬಿಣ ಕಡಿಮೆ. ಅಲ್ಲಿಂದ ಮುಂದೆ ಊಟ ಬೇಕೇ ಬೇಕು, ಎರಡು ವರ್ಷ ಮತ್ತು ಅದಕ್ಕೂ ಮೇಲೆ ಹಾಲೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಮೂರು ತಿಂಗಳಿಗೇ ತುರುಕುವುದೂ ತಪ್ಪು, ಹಲ್ಲು ಬರಲಿ ಎಂದು ವರ್ಷ ಕಾಯುವುದೂ ತಪ್ಪು.

ಇನ್ನು ನಮ್ಮ ಮನೆಗಳಲ್ಲಿ ನಡೆಯುವುದೇನು? ಬೇಳೆ ಬೇಯಿಸಿ ಮೇಲಿನ ಕಟ್ಟು ಬಸಿದು ಕೂಸಿಗೆ ಕುಡಿಸುತ್ತೇವೆ. ‘ಬ್ಯಾಳಿ ಕಟ್ಟು ಕುಡಿಸೇನ್ರಿ, ಗಟ್ಟಿ ಆಗ್ತಾನ’ ಎನ್ನುತ್ತಾರೆ. ಕಟ್ಟು ಎಂದರೆ ಹೆಚ್ಚಿನ ಪಾಲು ನೀರು. ಸತ್ವವಿರುವ ಬೇಳೆ ದೊಡ್ಡವರ ಗಂಗಾಳದಲ್ಲೇ ಉಳಿಯಿತಲ್ಲ! ಕೂಸಿನ ಹೊಟ್ಟೆ ಚಿಕ್ಕದು, ಏಳೆಂಟು ಕಿಲೋ ತೂಗುವ ಮಗುವಿಗೆ ಒಂದು ಬಟ್ಟಲಿಗೇ ತುಂಬಿಹೋಗುತ್ತದೆ. ಆ ಜಾಗವನ್ನು ನೀರಿನಿಂದ ತುಂಬಿಸಿದರೆ ಹಸಿವು ಹೋಗುತ್ತದೆ, ಮೈ ಬೆಳೆಯುವುದಿಲ್ಲ. ಊಟ ಚಮಚದಿಂದ ಸುಲಭವಾಗಿ ಜಾರಿ ಬೀಳದಷ್ಟು ಗಟ್ಟಿ ಇರಬೇಕು, ಬೇಳೆಯನ್ನೇ ಹಿಸುಕಿ ಹಾಕಬೇಕು.

ಇದಕ್ಕೆ ಡಬ್ಬಿ ತರಬೇಕಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ಸಾಣಿಸಿಟ್ಟುಕೊಂಡರೆ ಆಯಿತು. ನಮ್ಮ ಅಜ್ಜಿಯರ ಈ ಮೊಳಕೆಯ ಉಪಾಯವನ್ನೇ ಮೈಸೂರಿನ ಆಹಾರ ಸಂಶೋಧನಾಲಯದ ವಿಜ್ಞಾನಿಗಳೂ ಎತ್ತಿ ಹಿಡಿದರು. ಕಾರಣ ಸರಳ. ಮೊಳೆತ ಕಾಳಿನಲ್ಲಿ ಹಿಟ್ಟಿನಂಶ ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಂಟಾಗದು. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ವ! ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿದ ಸುಣ್ಣದಂಶವಿದೆ. ಮೂರು ಪಾಲು ರಾಗಿಗೋ ಅಕ್ಕಿಗೋ ಒಂದು ಪಾಲು ಹುರಿದ ಹೆಸರುಬೇಳೆ ಸೇರಿಸಿ. ಇಳಿಸುವಾಗ ಒಂದು ಸಣ್ಣ ಚಮಚ ತುಪ್ಪವೋ ಶೇಂಗಾ ಎಣ್ಣೆಯೋ ಹಾಕಿ. ಆಮೇಲಾಮೇಲೆ ಹಿಸುಕಿದ ಪಾಲಕ, ಕುಂಬಳ, ಬಾಳೆಹಣ್ಣು ಬರಲಿ. ತಿನ್ನುವವರ ಮನೆಯಲ್ಲಿ ಚೆನ್ನಾಗಿ ಬೆಂದ ತತ್ತಿಯೂ ಬರಲಿ.

ಆರಂಭಕ್ಕೆ ಹೊತ್ತಿಗೆ ಎರಡು ಮೂರು ಚಮಚ ಸಾಕು, ಬರಬರುತ್ತಾ ಅರ್ಧ ಬಟ್ಟಲು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ. ಕೈ ತೊಳೆಯಬೇಕು. ಬಾಟಲಿ ಬೇಡ, ಬಟ್ಟಲು ಚಮಚ ಸಾಕು. ಮುಂಜಾನೆ ಕುದಿಸಿದ್ದನ್ನು ಸಂಜೆಗೆ ಇಡಬಾರದು. ಇಡೀ ಶೇಂಗಾ ಕಾಳು ಗಂಟಲಿಗೆ ಸಿಕ್ಕರೆ ಪ್ರಾಣಕ್ಕೇ ಕುತ್ತು, ನುಣ್ಣಗೆ ಅರೆದ ಮೇಲೆಯೇ ಕೊಡಬೇಕು. ಜೇನುತುಪ್ಪ ನೆಕ್ಕಿಸುವ ರೂಢಿ ಹಲವು ಕಡೆ ಇದೆ. ವರ್ಷ ತುಂಬುವ ತನಕ ಅದು ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ರೋಗಾಣು ಕೂಸಿನ ಕರುಳಲ್ಲಿ ವಿಷವಾಗುತ್ತದೆ. ಸಕ್ಕರೆ ಬೇಡ, ಬೆಲ್ಲವೂ ಸಕ್ಕರೆಯೇ! ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನಮ್ಮ ಸಾರಿಗೆ ಇರಲಿ, ಉಪ್ಪು ಖಾರ ಬೀಳುವ ಮೊದಲೇ ಕೂಸಿನ ಪಾಲು ತೆಗೆದಿಟ್ಟರೆ ಬೇರೆ ಒಲೆ ಹಚ್ಚುವ ಕೆಲಸವಿಲ್ಲ.

‘ಹೊತ್ತೆಲ್ಲಿ ಐತ್ರಿ?’ ಎಂದು ತಾಯಂದಿರು ಕೇಳುವುದರಲ್ಲಿ ಸುಳ್ಳಿಲ್ಲ. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆಯ ಹೊಲಗಳಿಗೆ ಹೂವು ಕ್ರಾಸ್ ಮಾಡಲು ಹೋಗುವವರು ಹೆಚ್ಚಾಗಿ ಹೆಂಗಸರು. ಹೂವು ಇವರಿಗಾಗಿ ಕಾಯುವುದಿಲ್ಲ. ತಾಯಿ ಹೊಲಕ್ಕೆ, ಕೂಸು ಅಜ್ಜಿಯ ಮಡಿಲಿಗೆ. ಅತ್ತರೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಹೊಟ್ಟೆ ತುಂಬಿತು, ಅಳು ನಿಂತಿತು. ಆದರೆ ಚಹಾ ಇದ್ದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಅಜ್ಜಿಯನ್ನು ಬಯ್ದು ಫಲವಿಲ್ಲ, ಆಕೆಗೆ ಹೇಳಿದವರು ಯಾರು?

ಅಂಗಡಿಕಾರ ಮಿತ್ರರೇ, ಈಗ ನಿಮ್ಮ ಪಾಳಿ. ಶಿಶು ಆಹಾರದ ಜಾಹೀರಾತು, ಉಡುಗೊರೆ ಕೊಟ್ಟು ಗಿರಾಕಿ ಹಿಡಿಯುವುದು ಎರಡಕ್ಕೂ 1992ರ ಕಾಯ್ದೆ ಮತ್ತು 2003ರ ತಿದ್ದುಪಡಿಯ ತಡೆಯಿದೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಒಂದು ಗುಟ್ಟು ಬಯಲಿಗೆಳೆಯಿತು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನ ಒಂದು ಹೊತ್ತಿನ ಉಣಿಸಿನಲ್ಲಿ ಸರಾಸರಿ ಸುಮಾರು 3 ಗ್ರಾಂ ಸಕ್ಕರೆ ಬೆರೆಸಲಾಗುತ್ತಿದೆ, ಜರ್ಮನಿ, ಇಂಗ್ಲೆಂಡಿನಲ್ಲಿ ಇಲ್ಲ ಎಂದು ಅದು ಹೇಳಿತು. ಗದ್ದಲವಾದ ಮೇಲೆ ಅದೇ ವರ್ಷ ಕಂಪನಿ ಸಕ್ಕರೆ ಹಾಕದ ಬಗೆಗಳನ್ನೂ ಪ್ರಕಟಿಸಿತು. ಬಿಳಿಯರ ಕೂಸಿಗೆ ಒಂದು ನ್ಯಾಯ, ನಮ್ಮ ಕೂಸಿಗೆ ಇನ್ನೊಂದೇ? ವ್ಯಾಪಾರ ಬಿಡಿ ಎಂದು ಹೇಳುತ್ತಿಲ್ಲ. ಕಂಕುಳಲ್ಲಿ ಕೂಸು ಹೊತ್ತು ಬಂದವರಿಗೆ ಕುರುಕುರು ಪಾಕೀಟಿನ ಬದಲು ಒಂದು ಬಾಳೆಹಣ್ಣು ತೋರಿಸಿರಿ. ನಿಮಗೂ ವ್ಯಾಪಾರ, ಕೂಸಿಗೂ ಊಟ.

ಸರಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳನ್ನು ಕೊಟ್ಟಿತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೇ ಹಿಟ್ಟು ಸಿಗುತ್ತದೆ. ಆದರೆ ಆ ಹಿಟ್ಟು ಮನೆ ಮಂದಿಗೆಲ್ಲ ಹಂಚಿಹೋದರೆ ಕೂಸಿಗೆ ಉಳಿಯುವುದೆಷ್ಟು? ಹಿಟ್ಟಿನ ಜತೆ ತಿಳಿವಳಿಕೆಯೂ ಮನೆ ಸೇರಬೇಕು. ಹೊಲದಿಂದ ಹೆಂಗಸರು ಮರಳಿದ ಮೇಲೆ, ಸಂಜೆ ಹೊತ್ತು, ಅತ್ತೆ ಸೊಸೆ ಇಬ್ಬರನ್ನೂ ಕೂಡಿಸಿ, ಒಲೆ ಹಚ್ಚಿ ಮಾಡಿ ತೋರಿಸಬೇಕು. ಗಂಡಸರನ್ನೂ ಕರೆಯಬೇಕು. ನವರಾತ್ರಿಯಲ್ಲಿ ಗುಡ್ಡಕ್ಕೆ ಜನಸಾಗರ ಸೇರಿದಾಗ ಇಲಾಖೆಯವರು ಒಂದು ಪೆಂಡಾಲು ಹಾಕಿ, ನಾಲ್ಕು ಬಟ್ಟಲು ಗಂಜಿ ಕಾಸಿ ತೋರಿಸಿದರೆ ನೂರು ಭಾಷಣಕ್ಕಿಂತ ಲೇಸು. ಬಸ್ ನಿಲ್ದಾಣದಲ್ಲಿ ತಾಯಿ ಕೂತು ಉಣಿಸಲು ಒಂದು ಮರೆಯಾದ ಮೂಲೆ, ಕುದಿಸಿದ ನೀರು ಸಿಗಬೇಕು. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ಮನಸ್ಸು ಬೇಕು.

ಅಧಿಕಾರಿಗಳು ಮಾಡಿದಾಗ ಮಾಡಲಿ. ಈ ರಾತ್ರಿ ಉಣ್ಣಲು ಕೂತಾಗ ಮನೆಯ ಯಜಮಾನರು ಒಂದು ಮಾತು ಕೇಳಲಿ: ‘ಕೂಸಿನ ಪಾಲಿನ ಬ್ಯಾಳಿ ತೆಗೆದಿಟ್ಟೀರೇನು?’ ಮೊದಲ ತುತ್ತು ಅದಕ್ಕೆ, ಆಮೇಲೆ ನಮಗೆ.