ಉಸಿರು ಕಟ್ಟಿದ ಕಾರು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಓದು, ವ್ಯಾಕರಣ, ಪಂಚಾಂಗದ ಲೆಕ್ಕ ಮೊದಲಾದುವನ್ನು ಕುರಿತವು. ಈ ತಿಂಗಳು ವಾಚಕರೊಬ್ಬರು ಕೇಳಿರುವ ಪ್ರಶ್ನೆ ಆ ಸಾಲಿಗೆ ಸೇರಿದ್ದಲ್ಲ. ಅವರ ಮಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದಾನೆ. ಆಸೆಪಟ್ಟು 1975ನೆಯ ಇಸವಿಯ ಷೆವ್ರೊಲೆ ಕಾರ್ವೆಟ್ ಎಂಬ ಕ್ರೀಡಾಕಾರನ್ನು ಕೊಂಡಿದ್ದಾನೆ. ಕಾರು ನಿಂತಲ್ಲಿ ಚೆನ್ನಾಗಿಯೇ ಗುನುಗುತ್ತದೆ. ಏರು ಬಂದರೆ ಮಾತ್ರ ಏದುಸಿರು ಬಿಡುತ್ತದೆ. "ಅಡಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ, ಅದನ್ನು ಕಿತ್ತೆಸೆದು ಬರಿಯ ಕೊಳವೆ ಜೋಡಿಸು, ಅಷ್ಟು ಹಳೆಯ ಕಾರನ್ನು ಇಲ್ಲಿ ಯಾರೂ ಪರೀಕ್ಷಿಸುವುದಿಲ್ಲ" ಎಂದು ಗೆಳೆಯರ ಸಲಹೆ. ಮಗ ತಂದೆಯನ್ನು ಕೇಳಿದನು, ತಂದೆ ನಮ್ಮನ್ನು ಕೇಳಿದ್ದಾರೆ.

ಪ್ರಶ್ನೆ ದೂರದೇಶದ್ದಾದರೂ ಅದರಲ್ಲಿ ಅಡಗಿರುವ ವಿಚಾರ ದೂರದ್ದಲ್ಲ. ಆದಕಾರಣ ಕ್ರಮವಾಗಿ ನೋಡೋಣ. ಈ ಕನ್ವರ್ಟರ್ ಎಂಬುದು ಏನು? ಅದು ಕಟ್ಟಿಕೊಳ್ಳುವುದೇಕೆ? ಕಟ್ಟಿಕೊಂಡಾಗ ತಕ್ಕ ಉಪಾಯವೇನು?

ಇಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿಯಾಗಿ ಉರಿಯುವುದಿಲ್ಲ. ಅರೆಬೆಂದ ಅನ್ನದಂತೆ ಸ್ವಲ್ಪ ಭಾಗ ಹಾಗೆಯೇ ಉಳಿದು ಹೊಗೆಯೊಡನೆ ಹೊರಬೀಳುತ್ತದೆ. ಅದರಲ್ಲಿ ಎರಡು ವಸ್ತುಗಳು ಮುಖ್ಯ. ಒಂದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಉರಿಯದೆ ಉಳಿದ ಹೈಡ್ರೋಕಾರ್ಬನ್. ಇವೆರಡನ್ನೂ ಹೊರಗೆ ಬಿಡುವ ಮುನ್ನ ಮತ್ತೊಮ್ಮೆ ಆಮ್ಲಜನಕದೊಡನೆ ಕೂಡಿಸಿ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಮಾರ್ಪಡಿಸುವ ಪೆಟ್ಟಿಗೆಯೇ ಕನ್ವರ್ಟರ್. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ ಎಂಬ ಅಮೂಲ್ಯ ಲೋಹಗಳ ಅತ್ಯಂತ ತೆಳುವಾದ ಲೇಪವಿರುತ್ತದೆ. ಈ ಲೋಹಗಳು ತಾವು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಸಂಬಂಧ ಕುದುರಿಸುವ ಹಿರಿಯರು ಹೆಣ್ಣು ಗಂಡಿನ ಕಡೆಯವರನ್ನು ಒಂದೇ ಜಗಲಿಯಲ್ಲಿ ಕೂರಿಸಿ, ಮದುವೆ ನಿಶ್ಚಯವಾದೊಡನೆ ಮುಂದಿನ ಮನೆಗೆ ಹೊರಡುವುದಿಲ್ಲವೇ? ರಸಾಯನಶಾಸ್ತ್ರದ ಕ್ರಿಯಾವರ್ಧಕವೂ ಅಂಥದೇ.

ಈ ಉಪಕರಣದ ಇತಿಹಾಸ ಕ್ಯಾಲಿಫೋರ್ನಿಯಕ್ಕೇ ಹೊಂದಿಕೊಂಡಿರುವುದು ಗಮನಾರ್ಹ. 1940ರ ದಶಕದಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಂದುಬಣ್ಣದ ಮಂಜೊಂದು ಕವಿಯತೊಡಗಿತು. ಕಣ್ಣು ಉರಿಯುತ್ತಿತ್ತು, ಪೈರು ಕಂದುತ್ತಿತ್ತು. ಹಾಲೆಂಡಿನಲ್ಲಿ ಹುಟ್ಟಿ ಅಲ್ಲಿ ಪ್ರಾಧ್ಯಾಪಕರಾಗಿದ್ದ ಆರಿ ಹಾಗನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ, ವಾಹನಗಳೇ ಮೊದಲಾದುವು ಹೊರಬಿಡುವ ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಈ ಮಂಜು ಉಂಟಾಗುವುದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದಿದ್ದ ಯೂಜೀನ್ ಹೌದ್ರಿ ಎಂಬ ಇಂಜಿನಿಯರು ಹೊಗೆ ಶುದ್ಧಿಗಾಗಿ ಕನ್ವರ್ಟರನ್ನು ರೂಪಿಸಿ 1956ರಲ್ಲಿ ಪೇಟೆಂಟ್ ಪಡೆದರು. ಆದರೆ ಅಂದಿನ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಆ ಸೀಸ ಲೋಹಲೇಪವನ್ನು ಮುಚ್ಚಿ ಕನ್ವರ್ಟರನ್ನು ಬಹುಬೇಗ ನಿಷ್ಪ್ರಯೋಜಕ ಮಾಡುತ್ತಿತ್ತು. ಮದ್ದು ಸಿದ್ಧವಾಗಿತ್ತು, ಪಥ್ಯ ಮಾಡುವವರು ಇರಲಿಲ್ಲ.

1970ರಲ್ಲಿ ಅಮೆರಿಕದ ಶುದ್ಧ ವಾಯು ಶಾಸನ ಬಿಗಿಯಾಯಿತು. ಸೀಸರಹಿತ ಪೆಟ್ರೋಲು 1974ರ ಜುಲೈಯಿಂದ ಅಲ್ಲಿನ ಬಂಕುಗಳಿಗೆ ಬಂತು. 1975ರ ಮಾದರಿಯ ಬಹುಪಾಲು ಕಾರುಗಳಿಗೆ ಕನ್ವರ್ಟರ್ ಜೋಡಣೆಯಾಯಿತು. ಸೀಸದ ಪೆಟ್ರೋಲು ತಪ್ಪಿಯೂ ಒಳಗೆ ಹೋಗದಿರಲೆಂದು ಹೊಸ ಕಾರುಗಳ ಟ್ಯಾಂಕಿನ ಬಾಯಿಯನ್ನು ಕಿರಿದುಮಾಡಿದರು; ಸೀಸರಹಿತ ಪಂಪಿನ ಮೂತಿಯನ್ನೂ ಅದಕ್ಕೆ ತಕ್ಕಂತೆ ಸಣ್ಣದಾಗಿಸಿದರು. ಕೆಲವೇ ಕಾಸು ಅಗ್ಗವೆಂಬ ಕಾರಣಕ್ಕೆ ಆ ಕಿರಿಬಾಯಿಯನ್ನು ಒಡೆದು ಸೀಸದ ಪೆಟ್ರೋಲನ್ನೇ ತುಂಬಿಸಿಕೊಂಡವರೂ ಇದ್ದರು. ಅವರ ಕನ್ವರ್ಟರುಗಳು ಕೆಟ್ಟುವು. ಆದರೆ ಬಹುಜನ ನಿಯಮ ಪಾಲಿಸಿದರು, ಅದರ ಫಲವೂ ದೊರೆಯಿತು. ಅಮೆರಿಕದ ಜನರ ರಕ್ತದಲ್ಲಿ 1976ರಿಂದ 1980ರ ಅವಧಿಯಲ್ಲಿ ಡೆಸಿಲೀಟರಿಗೆ ಸರಾಸರಿ 12.8 ಮೈಕ್ರೋಗ್ರಾಂ ಇದ್ದ ಸೀಸ, 1988ರಿಂದ 1991ರ ಅವಧಿಗೆ 2.8ಕ್ಕೆ ಇಳಿಯಿತು. ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದೇ ಇದರ ಮುಖ್ಯ ಕಾರಣಗಳಲ್ಲೊಂದು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಗ್ಗಿಸುವ ವಸ್ತುವೆಂಬುದನ್ನು ನೆನೆದರೆ, ಶಾಲೆ ನಡೆಸುವ ನಮ್ಮಂಥವರಿಗೆ ಇದು ಬರಿಯ ಅಂಕಿಯಲ್ಲ.

ಈಗ ಕಾರ್ವೆಟ್ಟಿನ ವಿಷಯ. ಆ ಕಾರಿಗೆ ಕನ್ವರ್ಟರ್ ಮೊದಲು ಬಂದದ್ದು 1975ರಲ್ಲಿಯೇ. ಎಂಟು ಸಿಲಿಂಡರುಗಳ ಇಂಜಿನ್ನಿನ ಎರಡು ಪಕ್ಕದಿಂದ ಬರುವ ಹೊಗೆಕೊಳವೆಗಳನ್ನು ಒಂದಾಗಿಸಿ, ಒಂದೇ ಕನ್ವರ್ಟರಿನ ಮೂಲಕ ಹಾಯಿಸಿ, ಹಿಂದೆ ಮತ್ತೆ ಎರಡಾಗಿ ಕವಲೊಡೆಸಿದರು. ಆ ಚಪ್ಪಟೆ ಪೆಟ್ಟಿಗೆಯೊಳಗೆ ಅಲ್ಯೂಮಿನದ ಸಣ್ಣ ಸಣ್ಣ ಗುಂಡುಗಳು ಕಾಳಿನಂತೆ ತುಂಬಿದ್ದುವು. ಲೋಹದ ಲೇಪವಿದ್ದುದು ಅವುಗಳ ಮೇಲೆ. ಹಿಂದಿನ ವರ್ಷ 195 ಅಶ್ವಶಕ್ತಿ ಇದ್ದ ಸಾಮಾನ್ಯ ಇಂಜಿನ್ 165ಕ್ಕೆ ಇಳಿಯಿತು. ಇದನ್ನು ಕಂಡು, ಕನ್ವರ್ಟರೇ ಕಾರಿನ ಯೌವನವನ್ನು ಕದ್ದಿತೆಂದು ಅಭಿಮಾನಿಗಳು ಇಂದಿಗೂ ಹೇಳುವುದುಂಟು.

ಈ ಮಾತಿನಲ್ಲಿ ಸತ್ಯ ಸ್ವಲ್ಪ, ಉತ್ಪ್ರೇಕ್ಷೆ ಬಹಳ. 1970ರಲ್ಲಿ ಅದೇ ಗಾತ್ರದ ಸಾಮಾನ್ಯ ಇಂಜಿನ್ನಿಗೆ 300 ಅಶ್ವಶಕ್ತಿಯೆಂದು ಬರೆದಿದ್ದರು. 1971ರಲ್ಲಿ, ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ, ಸಿಲಿಂಡರಿನೊಳಗಿನ ಒತ್ತಡದ ಪ್ರಮಾಣವನ್ನು 10.25ರಿಂದ 8.5ಕ್ಕೆ ಇಳಿಸಿದರು. 1972ರಲ್ಲಿ ಅಳೆಯುವ ಕ್ರಮವನ್ನೇ ಬದಲಿಸಿ, ಫ್ಯಾನು, ಆಲ್ಟರ್ನೇಟರು, ಹೊಗೆಕೊಳವೆಗಳನ್ನೆಲ್ಲ ಜೋಡಿಸಿಯೇ ಅಳೆಯತೊಡಗಿದರು. ಕನ್ವರ್ಟರ್ ಬರುವ ಮುನ್ನವೇ ಅಂಕಿ 200ರ ಆಸುಪಾಸಿಗೆ ಬಂದಾಗಿತ್ತು. ಆದುದರಿಂದ ಇಂದು ಅದನ್ನು ಕಿತ್ತೆಸೆದವನಿಗೆ 1970ರ ಕಾರು ದೊರೆಯದು. ಸದ್ದು ಹೆಚ್ಚಿದ 1975ರ ಕಾರೇ ದೊರೆಯುವುದು.

ಹಾಗಾದರೆ ಕನ್ವರ್ಟರ್ ಕಟ್ಟಿಕೊಳ್ಳುವುದೇಕೆ? ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಅದು ಕಟ್ಟಿಕೊಳ್ಳುವುದು ವಿರಳ. ಇಂಜಿನ್ ತನ್ನ ಎಣ್ಣೆಯನ್ನು ತಾನೇ ಸುಟ್ಟುಕೊಳ್ಳುತ್ತಿದ್ದರೆ, ಎಣ್ಣೆಯಲ್ಲಿ ಬೆರೆಸಿರುವ ರಂಜಕ ಮತ್ತು ಸತು ಲೇಪದ ಮೇಲೆ ಹೆಪ್ಪುಗಟ್ಟುತ್ತವೆ. ಕಾರ್ಬ್ಯುರೇಟರಿನ ಚೋಕು ಸಿಕ್ಕಿಕೊಂಡು ಪೆಟ್ರೋಲು ಅತಿಯಾದರೆ ಮಸಿ ಕೂರುತ್ತದೆ. ಎಲ್ಲಕ್ಕಿಂತ ಅಪಾಯಕರವಾದದ್ದು ಕಿಡಿ ತಪ್ಪುವುದು. ಒಂದು ಸಿಲಿಂಡರಿನ ಪ್ಲಗ್ಗು ಉರಿಸದೆ ಬಿಟ್ಟ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪೆಟ್ಟಿಗೆ ಕೆಂಪಗೆ ಕಾಯುತ್ತದೆ. ಈಗಿನ ಜೇನುಗೂಡಿನ ಮಾದರಿಯ ಕನ್ವರ್ಟರಾದರೆ ಒಳಗಿನ ಪಿಂಗಾಣಿ ಕರಗಿ ಮುದ್ದೆಯಾಗುತ್ತದೆ. ಗುಂಡುಗಳ ಮಾದರಿಯಲ್ಲಿ ಗುಂಡುಗಳು ಒಡೆದು ಪುಡಿಯಾಗುತ್ತವೆ. ಅಂತೂ ರೋಗವಿರುವುದು ಇಂಜಿನ್ನಿನಲ್ಲಿ. ಉಬ್ಬಸ ಕಾಣುವುದು ಕನ್ವರ್ಟರಿನಲ್ಲಿ. ಕಿತ್ತೆಸೆದವನು ಉಬ್ಬಸವನ್ನು ಕಳೆದುಕೊಂಡು ರೋಗವನ್ನು ಉಳಿಸಿಕೊಳ್ಳುತ್ತಾನೆ.

ಅಪರಾಧಿ ಕನ್ವರ್ಟರೇ ಎಂದು ನಿಶ್ಚಯಿಸುವ ಮುನ್ನ ವಿಚಾರಣೆ ನಡೆಯಬೇಕು. ಅದರ ಕ್ರಮ ಹೀಗೆ. ಇಂಜಿನ್ನಿನ ಹೀರುಕೊಳವೆಗೆ ನಿರ್ವಾತ ಮಾಪಕವನ್ನು ಜೋಡಿಸಿದರೆ, ಆರೋಗ್ಯವಾದ ಇಂಜಿನ್ ನಿಂತಲ್ಲಿ ಓಡುವಾಗ ಸುಮಾರು 17ರಿಂದ 21 ಅಂಗುಲ ತೋರಿಸುತ್ತದೆ. ವೇಗವನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿ ಹಾಗೆಯೇ ಹಿಡಿದರೆ, ಮುಳ್ಳು ಒಮ್ಮೆ ಕುಸಿದು ಮತ್ತೆ ಮೇಲೇರಿ ನಿಲ್ಲಬೇಕು. ಹಾಗಾಗದೆ ಮೆಲ್ಲಮೆಲ್ಲನೆ ಇಳಿಯುತ್ತಲೇ ಹೋದರೆ ಹೊಗೆಗೆ ದಾರಿಯಿಲ್ಲವೆಂದು ಅರ್ಥ. ಕನ್ವರ್ಟರಿನ ಮುಂದಿನ ಕೊಳವೆಯಲ್ಲಿ ಒತ್ತಡವನ್ನು ಅಳೆದಾಗ, ಅದೇ ವೇಗದಲ್ಲಿ ಚದರ ಅಂಗುಲಕ್ಕೆ 3 ಪೌಂಡಿಗಿಂತ ಹೆಚ್ಚು ಕಂಡರೆ ಸಂಶಯ ಬಲಗೊಳ್ಳುತ್ತದೆ. ಆದರೆ ತಡೆ ಬೇರೆಡೆಯೂ ಇರಬಹುದು. ಇಂಜಿನ್ ಬೇಗ ಕಾಯಲೆಂದು ಹೊಗೆದಾರಿಯಲ್ಲಿ ಇಟ್ಟಿರುವ ಕವಾಟ ಮುಚ್ಚಿದ ಸ್ಥಿತಿಯಲ್ಲಿಯೇ ತುಕ್ಕುಹಿಡಿದಿರಬಹುದು, ಎರಡು ಪದರದ ಕೊಳವೆಯಾಗಿದ್ದರೆ ಒಳಪದರ ಕುಸಿದಿರಬಹುದು, ಸೈಲೆನ್ಸರೇ ಮುಚ್ಚಿರಬಹುದು. ಇವುಗಳ ತಪ್ಪಿಗೆ ನಿರಪರಾಧಿ ಕನ್ವರ್ಟರು ಶಿಕ್ಷೆ ಅನುಭವಿಸಿದ ಉದಾಹರಣೆಗಳುಂಟು.

ಕನ್ವರ್ಟರೇ ಕಟ್ಟಿರುವುದು ಖಚಿತವಾದರೆ, ಮೊದಲು ಇಂಜಿನ್ನಿನ ಚಿಕಿತ್ಸೆ ಆಗಬೇಕು. ಪ್ಲಗ್ಗು, ತಂತಿ, ಚೋಕು, ಕಾರ್ಬ್ಯುರೇಟರು ಸರಿಯಾಗಬೇಕು. ನೀಲಿ ಹೊಗೆ ಬರುತ್ತಿದ್ದರೆ ಎಣ್ಣೆ ಸೋರುವ ಕಡೆಯನ್ನು ಮುಚ್ಚಬೇಕು. ಹಾಗೆ ಮಾಡದೆ ಹೊಸ ಕನ್ವರ್ಟರ್ ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಬಿಚ್ಚುವ ಕೆಲಸದಲ್ಲಿಯೂ ಎಚ್ಚರ ಬೇಕು. ಕಾರು ನಿಲ್ಲಿಸಿದ ಮೇಲೂ ಕನ್ವರ್ಟರು ಬಹಳ ಹೊತ್ತು ಸುಡುತ್ತಿರುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಿದ ಇಂಥ ಕಾರುಗಳಿಂದ ಬೆಂಕಿ ಹತ್ತಿದ್ದುಂಟು. ಪೂರ್ತಿ ಆರಿದ ಮೇಲೆಯೇ ಮುಟ್ಟಬೇಕು. ಕಾರನ್ನು ಬರಿಯ ಜಾಕಿನ ಮೇಲೆ ನಿಲ್ಲಿಸದೆ ಭದ್ರವಾದ ಆಧಾರಗಳ ಮೇಲೆ ಕೂರಿಸಬೇಕು. ತುಕ್ಕುಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಊಡಿಸಿರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಿ ಪರೀಕ್ಷಿಸುವುದು ಸರ್ವಥಾ ಸಲ್ಲದು. ಆ ವಿಷಾನಿಲ ಎಚ್ಚರಿಕೆ ಕೊಟ್ಟು ಬರುವುದಿಲ್ಲ.

ಹೊಸದಾಗಿ ಹಾಕುವುದು ಆ ಇಂಜಿನ್ನಿಗೂ ಆ ವರ್ಷದ ಮಾದರಿಗೂ ಒಪ್ಪುವಂಥದಾಗಿರಬೇಕು. ಕ್ಯಾಲಿಫೋರ್ನಿಯದಲ್ಲಿ ಆ ರಾಜ್ಯದ ವಾಯು ಮಂಡಳಿ ಒಪ್ಪಿದ ಕನ್ವರ್ಟರೇ ಆಗಬೇಕು. ಈಗಿನವು ಜೇನುಗೂಡಿನಂತೆ ನೇರ ರಂಧ್ರಗಳುಳ್ಳವು. ಹೊಗೆಯು ಗುಂಡುಗಳ ನಡುವೆ ನುಸುಳಬೇಕಾಗಿದ್ದ ಹಳೆಯ ಪೆಟ್ಟಿಗೆಗಿಂತ ಇವುಗಳ ತಡೆ ಕಡಿಮೆ. ಹೀಗೆ ನ್ಯಾಯವಾದ ಮಾರ್ಗದಲ್ಲಿಯೇ ಕಾರಿಗೆ ಉಸಿರು ಮರಳಿ ಬರುವುದು ಸಾಧ್ಯವಿರುವಾಗ ಕಳ್ಳದಾರಿ ಏತಕ್ಕೆ?

"ಯಾರೂ ಪರೀಕ್ಷಿಸುವುದಿಲ್ಲ" ಎಂಬ ಮಾತಿಗೆ ಈಗ ಬರೋಣ. ಅದು ಸುಳ್ಳಲ್ಲ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗೆ ನಿಯತವಾದ ಹೊಗೆ ತಪಾಸಣೆಯಿಂದ ವಿನಾಯಿತಿ ಉಂಟು. ಆ ಕಾರ್ವೆಟ್ ಸರಿಯಾಗಿ ಗಡಿಯ ಮೇಲೆ ನಿಂತಿದೆ: ಕನ್ವರ್ಟರ್ ಪಡೆದ ಮೊದಲ ವರ್ಷ, ತಪಾಸಣೆಯಿಲ್ಲದ ಕೊನೆಯ ವರ್ಷ. ಆದರೆ ತಪಾಸಣೆಯ ವಿನಾಯಿತಿ ಕಿತ್ತೆಸೆಯುವುದಕ್ಕೆ ಕೊಟ್ಟ ಅನುಮತಿಯಲ್ಲ. ಅಂಥ ಉಪಕರಣವನ್ನು ತೆಗೆಯುವುದನ್ನು ಅಮೆರಿಕದ ಶಾಸನವು 1977ರ ತಿದ್ದುಪಡಿಯಿಂದ ದುರಸ್ತಿ ಅಂಗಡಿಗಳಿಗೂ 1990ರ ತಿದ್ದುಪಡಿಯಿಂದ ಯಾರಿಗೇ ಆದರೂ ನಿಷೇಧಿಸಿದೆ. ಮೇಲ್ವಿಚಾರಕರು ಕೊಠಡಿಯಿಂದ ಒಂದು ಗಳಿಗೆ ಹೊರಗೆ ಹೋದರೆ ಪರೀಕ್ಷೆ ರದ್ದಾಗುವುದಿಲ್ಲವೆಂಬುದು ಏಳನೆಯ ತರಗತಿಯ ಹುಡುಗನಿಗೂ ಗೊತ್ತು. ಅಲ್ಲಿ ನಕಲು ಮಾಡಿದವನ ನಷ್ಟ ಅವನೊಬ್ಬನದು, ಇಲ್ಲಿ ಹಾಗಲ್ಲ. ಕಾರಿನ ಯಜಮಾನ ಮುಂದೆ ಸಾಗುತ್ತಾನೆ, ಹೊಗೆ ಹಿಂದೆ ಉಳಿಯುತ್ತದೆ. ಅದನ್ನು ಉಸಿರಾಡುವವರು ದಾರಿಬದಿಯ ಮಕ್ಕಳು, ಬಸ್ಸಿಗೆ ಕಾಯುವ ಮುದುಕರು. ಒಂದೇ ಕಾರು ತಾನೇ ಎನ್ನಬಹುದು. ಲಾಸ್ ಏಂಜಲೀಸಿನ ಆ ಕಂದುಮಂಜು ಒಂದೊಂದೇ ಕಾರಿನಿಂದ ಕೂಡಿಬಂದದ್ದು.

ನಮ್ಮ ಮನೆಬಾಗಿಲಿಗೂ ಈ ಪಾಠ ಬಂದಾಗಿದೆ. ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲಕತ್ತ, ಮದರಾಸು ಈ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಸೀಸರಹಿತ ಪೆಟ್ರೋಲೂ ಜೊತೆಯಲ್ಲಿ ಬಂತು. 2000ನೆಯ ಇಸವಿಯ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಗಡಿಯ ಈಚೆ ಒಂದು ಸರಕಾರ, ಆಚೆ ಇನ್ನೊಂದು. ಆದರೆ ಗಾಳಿಗೆ ತಪಾಸಣೆಯ ಠಾಣೆಯಿಲ್ಲವೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಂದು ನಮ್ಮ ಮಕ್ಕಳು ಸವಾರಿ ಮಾಡುವ ಮೋಟಾರು ಸೈಕಲುಗಳ ಹೊಗೆಕೊಳವೆಯಲ್ಲಿಯೂ ಇದೇ ಉಪಕರಣವಿದೆ. ಗುಡುಗಿನಂಥ ಸದ್ದು ಬರಲೆಂದು ಮೂಲ ಸೈಲೆನ್ಸರನ್ನು ಬದಲಿಸುವ ಯುವಕರು, ಅದರೊಡನೆ ಕನ್ವರ್ಟರೂ ಹೋಗಬಹುದೆಂಬುದನ್ನು ತಿಳಿದಿರುವುದು ಒಳ್ಳೆಯದು.

ಪತ್ರ ಬರೆದ ಮಹನೀಯರಿಗೆ ನಮ್ಮ ಸೂಚನೆ ಇಷ್ಟೆ. ಮೊದಲು ಅಳೆಯಿಸಲಿ, ಆಮೇಲೆ ಇಂಜಿನ್ನನ್ನು ಸರಿಪಡಿಸಲಿ, ಕೊನೆಗೆ ಒಪ್ಪಿಗೆಯುಳ್ಳ ಹೊಸ ಕನ್ವರ್ಟರನ್ನು ಹಾಕಿಸಲಿ. ಹಳೆಯದನ್ನು ತಿಪ್ಪೆಗೆ ಹಾಕದೆ ಮರುಬಳಕೆಗೆ ಕೊಡಲಿ, ಅದರಲ್ಲಿ ಪ್ಲಾಟಿನಂ ಇದೆ. ಅರ್ಧ ಶತಮಾನ ಕಳೆದ ಕಾರೊಂದನ್ನು ಪ್ರೀತಿಯಿಂದ ಉಳಿಸಿಕೊಳ್ಳುವವನು ಅದರ ಜೊತೆಗೆ ಹುಟ್ಟಿದ ಈ ಹೊಣೆಯನ್ನೂ ಉಳಿಸಿಕೊಳ್ಳುವುದು ನ್ಯಾಯ.